ಸಂಕಲನದ ಮೇಜಿನಿಂದ ಬಂದ ನಿರ್ದೇಶಕ

ಪ್ರಶ್ನೆ: ಸಾವನದುರ್ಗ, ರಾಮನಗರದ ಬಂಡೆಗಳ ನಡುವೆ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರೀಕರಿಸಿದ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ಹಿನ್ನೆಲೆ ಏನು? ಅದ್ದೂರಿತನವೊಂದೇ ಅವರ ಹೆಚ್ಚುಗಾರಿಕೆಯೇ?
– ಓದುಗರೊಬ್ಬರು, ಮಾಗಡಿ

ಉತ್ತರ: ಅದ್ದೂರಿತನ ಮೊದಲು ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಲೀನ್ ಮೂಲತಃ ಸಂಕಲನಕಾರರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಅವರ ಚಿತ್ರಗಳ ನಿಜವಾದ ಸತ್ವ ತಿಳಿಯುತ್ತದೆ.

1908ರಲ್ಲಿ ಲಂಡನ್ ಸಮೀಪದ ಕ್ರಾಯ್ಡನ್‌ನಲ್ಲಿ, ಸಿನಿಮಾ ನೋಡುವುದೇ ನಿಷಿದ್ಧವಾಗಿದ್ದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆಯಲ್ಲಿ ಅವರು ಹುಟ್ಟಿದರು. ತಂದೆಯ ಲೆಕ್ಕಪತ್ರದ ವೃತ್ತಿ ಒಗ್ಗದೆ 1927ರಲ್ಲಿ ಗೋಮಾಂಟ್ ಸ್ಟುಡಿಯೊ ಸೇರಿ, ಚಹಾ ತಂದುಕೊಡುವ ಹುಡುಗನಾಗಿ ಆರಂಭಿಸಿ, ವಾರ್ತಾಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತ ಕಸುಬು ಕಲಿತರು. 1942ರಲ್ಲಿ ನಾಟಕಕಾರ ನೋಯೆಲ್ ಕವರ್ಡ್ ಜೊತೆಗೂಡಿ ಮೊದಲ ಚಿತ್ರ ನಿರ್ದೇಶಿಸಿದರು.

1945ರ ‘ಬ್ರೀಫ್ ಎನ್‌ಕೌಂಟರ್’ನಲ್ಲಿ ಮರುಭೂಮಿಯೂ ಇಲ್ಲ, ಸೈನ್ಯವೂ ಇಲ್ಲ, ಇರುವುದು ರೈಲು ನಿಲ್ದಾಣದ ಒಂದು ಉಪಾಹಾರ ಕೊಠಡಿ. ಬೇರೆ ಬೇರೆ ಸಂಸಾರಗಳಿರುವ ಇಬ್ಬರು ಕೊನೆಯ ಬಾರಿ ಅಗಲುವ ಹೊತ್ತಿನಲ್ಲೇ ಪರಿಚಯದ ಮಹಿಳೆಯೊಬ್ಬರು ಬಂದು ಹರಟೆಗೆ ಕುಳಿತುಬಿಡುತ್ತಾರೆ. ಮಾತಿಗೆ ಆಸ್ಪದವಿಲ್ಲದೆ ಆತ ಆಕೆಯ ಭುಜವನ್ನು ಒಮ್ಮೆ ಮೆಲ್ಲಗೆ ಒತ್ತಿ ಹೊರಟುಹೋಗುತ್ತಾನೆ. ಅವರ ಯಾವ ಭಾರಿ ಚಿತ್ರವೂ ಈ ಕ್ಷಣವನ್ನು ಮೀರಿಸಿಲ್ಲವೆಂದೇ ನನ್ನ ನಂಬಿಕೆ.

ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ತೆಗೆದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಮತ್ತು ಮರುಭೂಮಿಯ ಕಥೆಯಾದ ‘ಲಾರೆನ್ಸ್ ಆಫ್ ಅರೇಬಿಯಾ’ (1962) ತಲಾ 7 ಆಸ್ಕರ್ ಗಳಿಸಿದವು. ಎರಡಕ್ಕೂ ಲೀನ್ ಶ್ರೇಷ್ಠ ನಿರ್ದೇಶಕರಾದರು. ಎರಡನೆಯದರಲ್ಲಿ ನಾಯಕ ಉರಿಯುವ ಬೆಂಕಿಕಡ್ಡಿಯನ್ನು ಉಫ್ ಎಂದು ಊದುತ್ತಿದ್ದಂತೆ ತೆರೆಯ ತುಂಬ ಮರಳುಗಾಡಿನ ಸೂರ್ಯೋದಯ ಬರುತ್ತದೆ. ಚಿತ್ರಕಥೆಯಲ್ಲಿ ಒಂದು ದೃಶ್ಯ ಇನ್ನೊಂದರೊಳಗೆ ನಿಧಾನವಾಗಿ ಕರಗಬೇಕೆಂದಿತ್ತು. ಸಂಕಲನಕಾರ್ತಿ ಆ್ಯನ್ ಕೋಟ್ಸ್ ಅವರೊಡನೆ ಕುಳಿತು ನೋಡಿದಾಗ ನೇರ ಕತ್ತರಿಯೇ ಸೊಗಸೆಂದು ಅದನ್ನೇ ಉಳಿಸಿಕೊಂಡರು.

1970ರ ‘ರಯಾನ್ಸ್ ಡಾಟರ್’ ಚಿತ್ರವನ್ನು ವಿಮರ್ಶಕರು ಕಟುವಾಗಿ ಹಳಿದರು. ಆ ಪೆಟ್ಟಿನಿಂದ ನೊಂದ ಲೀನ್ ಮುಂದಿನ ಕಥಾಚಿತ್ರ ತೆರೆಗೆ ತರುವಷ್ಟರಲ್ಲಿ 14 ವರ್ಷ ಕಳೆದಿತ್ತು, ಚಿತ್ರರಂಗಕ್ಕೆ ಅದು ದೊಡ್ಡ ನಷ್ಟ. ಆ ಚಿತ್ರವೇ ನೀವು ಹೇಳುವ ‘ಎ ಪ್ಯಾಸೇಜ್ ಟು ಇಂಡಿಯಾ’. ಬೆಂಗಳೂರು ಅರಮನೆಯ ಆವರಣದಲ್ಲಿ ಕಥೆಯ ಕಾಲ್ಪನಿಕ ಊರಾದ ಚಂದ್ರಾಪುರದ ಪೇಟೆ ಎದ್ದಿತು. ನಿಮ್ಮ ಸೀಮೆಯ ಬಂಡೆಗಳು ಕಥೆಯಲ್ಲಿ ಬರುವ ಮರಾಬಾರ್ ಗುಹೆಗಳಾದವು. ಎಪ್ಪತ್ತು ದಾಟಿದ್ದ ಲೀನ್ ಚಿತ್ರಕಥೆ, ನಿರ್ದೇಶನಗಳ ಜೊತೆಗೆ ಸಂಕಲನವನ್ನೂ ತಾವೇ ಮಾಡಿದರು. ಮೂರಕ್ಕೂ ಆಸ್ಕರ್ ನಾಮನಿರ್ದೇಶನ ಬಂತು. ಮತ್ತೊಂದು ಚಿತ್ರದ ಸಿದ್ಧತೆಯಲ್ಲಿದ್ದಾಗಲೇ 1991ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.