ಇಂಟರ್‌ವ್ಯೂ ಚೆನ್ನಾಗಿ ಆದ ಮೇಲೂ ಎಚ್‌ಆರ್ ಯಾಕೆ ಫೋನ್ ಎತ್ತುವುದಿಲ್ಲ?

ಮೂರು ಸುತ್ತು ಮುಗಿದಿದೆ, ಮ್ಯಾನೇಜರ್ ನಗುನಗುತ್ತಾ ಮಾತಾಡಿದರು, ಎಚ್‌ಆರ್ ಪೇ ಸ್ಲಿಪ್ ಕೂಡ ಕೇಳಿ ತರಿಸಿಕೊಂಡರು. ಈಗ ಐದು ವಾರದಿಂದ ಸುದ್ದಿಯೇ ಇಲ್ಲ, ಆಗಿಲ್ಲ ಅಂತಲಾದರೂ ಹೇಳಬಾರದಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಐಟಿ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ ಮಾಡುತ್ತಿದ್ದೇನೆ. ಚಿಕ್ಕ ಕನ್ಸಲ್ಟೆನ್ಸಿ, ಬೇಕರಿ ಮೇಲಿನ ಮಹಡಿಯಲ್ಲಿ ಆಫೀಸು. ನೀವು ಮನಸ್ಸಿನಲ್ಲೇ ಬೈದುಕೊಳ್ಳುತ್ತಿರುವ ಆ ಫೋನ್ ಎತ್ತದ ಹೆಂಗಸು ನಾನೇ ಅಂದುಕೊಳ್ಳಿ.

ನನ್ನ ಊಹೆ ಇಷ್ಟು: ನೀವು ಎರಡನೆಯವರು. ಮೊದಲನೆಯವರಿಗೆ ಆಫರ್ ಹೋಗಿದೆ. ಅವರಿನ್ನೂ ಸೇರಿಲ್ಲ.

ನಮ್ಮ ಐಟಿ ಸರ್ವಿಸ್ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, ಹೆಚ್ಚಾಗಿ 90 ದಿನ. ಇವತ್ತು ಆಫರ್ ಕೊಟ್ಟರೆ ಮನುಷ್ಯ ಬಂದು ಕೂರುವುದು ಮೂರು ತಿಂಗಳಾದ ಮೇಲೆ. ಆ ಮೂರು ತಿಂಗಳು ಅವನು ಸುಮ್ನೆ ಕೂರುತ್ತಾನಾ? ರಾಜೀನಾಮೆ ಕೊಟ್ಟ ಮರುದಿನವೇ ಕೆಲಸ ಹುಡುಕುವ ವೆಬ್‌ಸೈಟ್ ನೌಕ್ರಿಯ ತನ್ನ ಪ್ರೊಫೈಲ್‌ನಲ್ಲಿ 'ಸರ್ವಿಂಗ್ ನೋಟಿಸ್' ಅಂತ ಬದಲಾಯಿಸುತ್ತಾನೆ. ಬೇಗ ಸೇರುವವರು ಅಂದರೆ ನಮಗೂ ಆಸೆ, ಹತ್ತು ಕಡೆಯಿಂದ ಫೋನ್ ಹೋಗುತ್ತದೆ. ಕೈಯಲ್ಲಿರುವ ಆಫರ್ ತೋರಿಸಿ ಇನ್ನೊಂದು, ಅದನ್ನು ತೋರಿಸಿ ಮತ್ತೊಂದು. 2021-22ರಲ್ಲಂತೂ ಇದು ಜಾತ್ರೆಯಾಗಿತ್ತು. ಇನ್ಫೋಸಿಸ್‌ನಂಥ ಕಂಪನಿಯಲ್ಲೇ ಬಿಟ್ಟು ಹೋಗುವವರ ಪ್ರಮಾಣ 2022ರ ಜೂನ್ ಹೊತ್ತಿಗೆ ವರ್ಷದ ಲೆಕ್ಕದಲ್ಲಿ 28.4% ಮುಟ್ಟಿತ್ತು. ಆಮೇಲೆ ಗಾಳಿ ತಿರುಗಿತು, ಆದರೆ ಆಗ ಸುಟ್ಟುಕೊಂಡ ಕೈ ಕಂಪನಿಗಳಿಗೆ ಇನ್ನೂ ನೆನಪಿದೆ. ಅದಕ್ಕೇ ಒಬ್ಬರಿಗೆ ಆಫರ್ ಕೊಟ್ಟು ಇನ್ನೊಬ್ಬರನ್ನು ಕೈಬಿಡದೆ ಇಟ್ಟುಕೊಳ್ಳುತ್ತಾರೆ. ನಮ್ಮ ಭಾಷೆಯಲ್ಲಿ ಅದು ಬ್ಯಾಕಪ್.

ಬ್ಯಾಕಪ್‌ಗೆ 'ಇಲ್ಲ' ಅಂದರೆ ಅವರು ಬೇರೆ ಕಡೆ ಹೋಗುತ್ತಾರೆ. 'ಹೌದು' ಅನ್ನೋಕೆ ಸೀಟಿಲ್ಲ. ಹಾಗಾಗಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ 'ಪ್ರೋಸೆಸ್‌ನಲ್ಲಿದೆ' ಅನ್ನುತ್ತೇವೆ. ನಾಲ್ಕು ಸಲ ಹಾಗಂದ ಮೇಲೆ ನಮಗೇ ನಾಚಿಕೆಯಾಗುತ್ತದೆ, ಫೋನ್ ಎತ್ತುವುದನ್ನು ಬಿಡುತ್ತೇವೆ. ನನ್ನ ಟ್ರ್ಯಾಕರ್ ಶೀಟಿನಲ್ಲಿ ಸೇರಿದವರು ಹಸಿರು, ಆಗದವರು ಕೆಂಪು. ನಿಮ್ಮಂಥವರು ಹಳದಿ. ಹಳದಿಯವರಿಗೆ ಏನು ಹೇಳಬೇಕು ಅಂತ ನಮಗೆ ಯಾರೂ ಕಲಿಸಿಲ್ಲ.

ನಮ್ಮ ಹೊಟ್ಟೆಪಾಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ. ವರ್ಷದ ಸಿಟಿಸಿಯ (ಕಂಪನಿ ನಿಮಗೆಂದು ಮಾಡುವ ಒಟ್ಟು ಖರ್ಚು) 8.33% ಅನ್ನುವುದು ಹಳೆಯ ರೂಢಿ, ಅಂದರೆ ಒಂದು ತಿಂಗಳ ಸಂಬಳದಷ್ಟು. 18 ಲಕ್ಷದ ಕೆಲಸಕ್ಕೆ ಒಂದೂವರೆ ಲಕ್ಷ. ಆದರೆ ನೀವು ಸೇರಿದ ಮೇಲಷ್ಟೇ ಬಿಲ್ ಹಾಕಬಹುದು. ಸಾಮಾನ್ಯವಾಗಿ 90 ದಿನದೊಳಗೆ ನೀವು ಬಿಟ್ಟರೆ ಪುಕ್ಕಟೆ ಇನ್ನೊಬ್ಬರನ್ನು ಹುಡುಕಿಕೊಡಬೇಕು. ಆಫರ್ ಆದವರಿಗೆ ನಾವು ವಾರವಾರ ಫೋನ್ ಮಾಡಿ 'ಊಟ ಆಯ್ತಾ, ಅಮ್ಮ ಹೇಗಿದಾರೆ' ಅಂತ ಕೇಳುವುದು ಇದಕ್ಕೇ. ಪ್ರೀತಿಯೂ ಇರುತ್ತೆ ಅನ್ನಿ, ಆದರೆ ಲೆಕ್ಕ ಜಾಸ್ತಿ. (ಹಾಂ, ಕೆಲಸ ಕೊಡಿಸಲು ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಡೆಪಾಸಿಟ್, ಟ್ರೇನಿಂಗ್ ಫೀ, ಲ್ಯಾಪ್‌ಟಾಪ್ ಚಾರ್ಜ್, ಯಾವ ಹೆಸರಲ್ಲೇ ಕೇಳಲಿ.)

2022ರಲ್ಲಿ ಒಂದು ಜಾವಾ ಪ್ರೋಗ್ರಾಮಿಂಗ್ ಕೆಲಸ. ಆಫರ್ ಆದ ಹುಡುಗನಿಗೆ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದೆ. 'ಪಕ್ಕಾ ಮೇಡಂ, ಬರ್ತೀನಿ' ಅನ್ನುತ್ತಿದ್ದ. ಸೇರುವ ಸೋಮವಾರ ಬೆಳಿಗ್ಗೆ ಕಂಪನಿಯಲ್ಲಿ ಲ್ಯಾಪ್‌ಟಾಪ್ ರೆಡಿ, ಅವನ ಫೋಟೋ ಇರುವ ಐಡಿ ಕಾರ್ಡ್ ರೆಡಿ. ಒಂಬತ್ತೂವರೆಗೆ ಫೋನ್ ಹಚ್ಚಿದೆ, ಸ್ವಿಚ್ಡ್ ಆಫ್. ಹತ್ತಕ್ಕೆ, ಹತ್ತೂವರೆಗೆ, ಹನ್ನೊಂದಕ್ಕೆ ಮತ್ತೆ ಹಚ್ಚಿದೆ. ಮಧ್ಯಾಹ್ನ ಒಂದೇ ಸಾಲಿನ ವಾಟ್ಸಾಪ್: 'ಸಾರಿ ಮ್ಯಾಮ್, ಪರ್ಸನಲ್ ರೀಸನ್.' ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹತ್ತು ನಿಮಿಷ ಕೂಡ ತಡಮಾಡದೆ ಹಳದಿಯವನಿಗೆ ಫೋನ್ ಮಾಡಿದೆ. ದಾವಣಗೆರೆ ಕಡೆಯ ಹುಡುಗ. ಮೊದಲ ತಿಂಗಳು ಇಪ್ಪತ್ತು ಸಲವಾದರೂ ಫೋನ್ ಮಾಡಿದ್ದ, ಆಮೇಲೆ ತಣ್ಣಗಾಗಿದ್ದ. ಎರಡನೇ ರಿಂಗಿಗೇ ಎತ್ತಿದ. 'ಮೇಡಂ, ಬದುಕಿದೀರಾ?' ಅಂದ. ನಗು ಬಂತು, ನಗುವ ಹಾಗಿರಲಿಲ್ಲ. ಎರಡು ವಾರದ ಹಿಂದೆ ಬೇರೆ ಕಡೆ ಸೇರಿಬಿಟ್ಟಿದ್ದ, ಎರಡು ಲಕ್ಷ ಕಡಿಮೆಗೆ. 'ನೀನು ಎರಡನೆಯವನು ಅಂತ ಅವತ್ತೇ ಹೇಳಿದ್ರೆ ಕಾಯ್ತಿದ್ದೆ ಮೇಡಂ. ಎರಡನೆಯವನಾಗೋಕೆ ನಂಗೇನೂ ಬೇಜಾರಿಲ್ಲ' ಅಂದ.

ಅವತ್ತಿನಿಂದ ನಾನು ಕೆಲವರಿಗೆ ನಿಜ ಹೇಳುತ್ತೇನೆ. ಎಲ್ಲರಿಗೂ ಹೇಳುತ್ತೇನೆ ಅಂದರೆ ಸುಳ್ಳಾಗುತ್ತದೆ. ಕೆಲವು ಕಂಪನಿಗಳು ಬಾಯಿಬಿಡಬೇಡಿ ಅಂತಲೇ ಹೇಳಿರುತ್ತವೆ.

ಬೇರೆ ಕಾರಣಗಳೂ ಇರುತ್ತವೆ. ಬಜೆಟ್ ನಿಂತುಹೋಗಿರಬಹುದು, ನಿಮ್ಮನ್ನು ಮೆಚ್ಚಿದ ಮ್ಯಾನೇಜರೇ ಬಿಟ್ಟಿರಬಹುದು, ಒಳಗಿನವರೊಬ್ಬರ ರೆಫರೆನ್ಸ್ ಬಂದಿರಬಹುದು. ಆದರೆ ಪೇ ಸ್ಲಿಪ್ ಕೇಳಿ ಆಮೇಲೆ ಸುಮ್ಮನಾಗಿದ್ದಾರೆ ಅಂದರೆ ನಿಮ್ಮನ್ನು ತಳ್ಳಿಹಾಕಿಲ್ಲ. ಬೇಡವಾದವರ ಪೇ ಸ್ಲಿಪ್ ಕಟ್ಟಿಕೊಂಡು ನಮಗೇನು ಕೆಲಸ, ಅಲ್ವಾ? ನಡುವೆ ಒಮ್ಮೆ ಫೋನ್ ಮಾಡಿ 'ನೋಟಿಸ್ ಸ್ವಲ್ಪ ಕಡಿಮೆ ಮಾಡಿಸಿಕೊಳ್ಳೋಕೆ ಆಗುತ್ತಾ' ಅಂತ ಕೇಳಿದ್ದರಂತೂ ನೀವು ಬ್ಯಾಕಪ್ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಈಗ 'ಅಪ್‌ಡೇಟ್ ಇದೆಯಾ' ಅಂತ ಕೇಳಬೇಡಿ. ಅದಕ್ಕೆ ನಮ್ಮ ಹತ್ತಿರ ರೆಡಿ ಉತ್ತರವಿದೆ. ಮೆಸೇಜಿನಲ್ಲಿ ನೇರವಾಗಿ ಹೀಗೆ ಕೇಳಿ: 'ಈ ಪೊಸಿಷನ್‌ಗೆ ಬೇರೆಯವರಿಗೆ ಆಫರ್ ಆಗಿದ್ದರೆ ಹೇಳಿ, ನನಗೆ ಬೇಜಾರಿಲ್ಲ. ಅವರು ಸೇರುವ ದಿನ ಯಾವುದು ಅಂತ ಗೊತ್ತಾದರೆ ಆ ವಾರ ನಾನೇ ವಿಚಾರಿಸುತ್ತೇನೆ.' ಹೀಗೆ ಕೇಳಿದವರಿಗೆ ಸುಳ್ಳು ಹೇಳುವುದು ಕಷ್ಟ. ಅವರ ಹೆಸರೂ ನೆನಪಲ್ಲಿ ಉಳಿಯುತ್ತದೆ. ಇನ್ನೊಂದು ಆಫರ್ ಕೈಯಲ್ಲಿದ್ದರೆ ಅದಕ್ಕೆ ಉತ್ತರ ಕೊಡಬೇಕಾದ ತಾರೀಕನ್ನೂ ಬರೆಯಿರಿ. ಇಲ್ಲದ ಆಫರ್ ಇದೆ ಅಂತ ಸುಳ್ಳು ಹೇಳಬೇಡಿ, ಲೆಟರ್ ಕಳಿಸಿ ಅನ್ನುತ್ತೇವೆ. ಆಫರ್ ಲೆಟರ್ ಕೈಗೆ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಮ್ಯಾನೇಜರ್ ಬಾಯಲ್ಲಿ ಎಷ್ಟೇ ಭರವಸೆ ಕೊಡಲಿ.

ನಡುವೆ ಬೇರೆ ಕಡೆ ಸೇರಿದ ಮೇಲೆ ಇವರು ಕರೆದರೆ ಹೋಗಬೇಕಾ ಅನ್ನುವುದು ನಿಮಗೆ ಬಿಟ್ಟಿದ್ದು. ಹೋದರೆ ಆ ನಡುವಿನ ಕೆಲಸವನ್ನು ಮುಚ್ಚಿಡಬೇಡಿ. ಆ ಕಂಪನಿ ಪಿಎಫ್ ಕಟ್ಟಿದ್ದರೆ ನಿಮ್ಮ ಯುಎಎನ್‌ನಲ್ಲಿ (ಪಿಎಫ್‌ನ ಕಾಯಂ ನಂಬರ್) ಅದು ಕೂತಿರುತ್ತದೆ, ಬ್ಯಾಕ್‌ಗ್ರೌಂಡ್ ಚೆಕ್ ಮಾಡುವವರು ಪಿಎಫ್ ಪಾಸ್‌ಬುಕ್ ಕೇಳುತ್ತಾರೆ. ಹದಿನೈದು ದಿನದ ಕೆಲಸ ಮುಚ್ಚಿಟ್ಟು ಒಳ್ಳೆಯ ಆಫರ್ ಕಳೆದುಕೊಂಡವರನ್ನು ನೋಡಿದ್ದೇನೆ. ಮೊದಲೇ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅಂದಹಾಗೆ, ಆ ಮೆಸೇಜನ್ನು ಸೋಮವಾರ ಬೆಳಿಗ್ಗೆ ಕಳಿಸಬೇಡಿ. ಆಗ ನಾವೆಲ್ಲ ಅವತ್ತು ಸೇರಬೇಕಾದವರ ಫೋನ್ ಆನ್ ಇದೆಯಾ ಅಂತ ನೋಡುತ್ತಿರುತ್ತೇವೆ. ಮಧ್ಯಾಹ್ನ ಮೂರಕ್ಕೆ ಕಳಿಸಿ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಅಷ್ಟು ಹೊತ್ತಿಗೆ ನಾವೇ ನಿಮ್ಮ ನಂಬರ್ ಹುಡುಕುತ್ತಿರುತ್ತೇವೆ.