ಅದು ಬ್ರೆನ್ ಅಲ್ಲ, ವಿಕರ್ಸ್-ಬರ್ತಿಯೆ ಇರಬಹುದು

ಯುದ್ಧಕಾಲದ ಭಾರತೀಯ ಸೈನಿಕರ ಕೈಯಲ್ಲಿ, ಮೇಲ್ಭಾಗದಲ್ಲಿ ಬಾಗಿದ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಇರುವ ಗನ್ ಯಾವುದು, ಬ್ರೆನ್ ಎಂಬ ಹಗುರ ಮಷಿನ್ ಗನ್ನೇ ಅಲ್ಲವೇ ಎಂದು ಕೇಳಿದ್ದೀರಿ. ಅದೇ ಬಗೆಯ ವಿಕರ್ಸ್-ಬರ್ತಿಯೆಯೂ ಇರಬಹುದು. ಮ್ಯಾಗಜಿನ್ ನೋಡಿ ತೀರ್ಮಾನಿಸಬೇಡಿ, ಎರಡರಲ್ಲೂ 30 ಗುಂಡಿನದೇ. ಗುರಿಯಿಡಲು ಹಿಂಬದಿಯಲ್ಲಿರುವ ಸೈಟ್ ನೋಡಿ: ಮೊದಲ ಮಾದರಿಯ ಬ್ರೆನ್‌ನ ಎಡಬದಿಯಲ್ಲಿ ದುಂಡನೆಯ ಡ್ರಮ್ ಇರುತ್ತದೆ, ವಿಕರ್ಸ್-ಬರ್ತಿಯೆಯಲ್ಲಿ ಅದಿಲ್ಲ.

ಫ್ರಾನ್ಸಿನ ಬರ್ತಿಯೆಯ ವಿನ್ಯಾಸದ ಹಕ್ಕನ್ನು ಬ್ರಿಟನ್ನಿನ ಶಸ್ತ್ರಾಸ್ತ್ರ ಕಂಪನಿ ವಿಕರ್ಸ್ 1925ರಲ್ಲಿ ಪಡೆಯಿತು. ಬ್ರಿಟಿಷ್ ಸೇನೆ ಕೊನೆಗೆ ಝೆಕ್ ಮೂಲದ ಬ್ರೆನ್ ಆರಿಸಿಕೊಂಡರೆ, ಭಾರತೀಯ ಸೇನೆ 1930ರ ದಶಕದ ಆರಂಭದಲ್ಲಿ ವಿಕರ್ಸ್-ಬರ್ತಿಯೆಯನ್ನೇ ಒಪ್ಪಿತು. ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ತಯಾರಾಯಿತು. ನಮ್ಮಲ್ಲಿ ಇದನ್ನು ಮರೆತಿರುವುದು ನಿಜಕ್ಕೂ ಬೇಸರದ ಸಂಗತಿ.

ಇಂಥ ಗನ್‌ಗಳಲ್ಲಿ ಗುಂಡು ಸಿಕ್ಕಿಕೊಳ್ಳುವುದೇಕೆ ಎಂದೂ ಕೇಳಿದ್ದೀರಿ. ಇವುಗಳಿಗೆ ಹಾಕುವ .303 ಕಾಡತೂಸಿನ ತಳದಲ್ಲಿ ಹೊರಚಾಚಿದ ಅಂಚಿದೆ. ಮೊದಲು ತಳ್ಳಬೇಕಾದ ಗುಂಡಿನ ಅಂಚು ಅದರ ಪಕ್ಕದ ಗುಂಡಿನ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಅಂಚಿಗೆ ಅಂಚು ತಗುಲಿ, ಗುಂಡನ್ನು ಮುಂದೆ ತಳ್ಳುವ ಬೋಲ್ಟ್ ಎಷ್ಟು ನೂಕಿದರೂ ಗುಂಡು ಜಾರದು. ಮ್ಯಾಗಜಿನ್ ಬಾಗಿರುವುದೂ ಈ ಅಂಚಿನಿಂದಾಗಿಯೇ. ಅಂಚಿನ ಕಡೆ ದಪ್ಪ ಹೆಚ್ಚು.

ವಿಕರ್ಸ್-ಬರ್ತಿಯೆಯದೇ ತಮ್ಮ, ತಟ್ಟೆಯಂಥ ಮ್ಯಾಗಜಿನ್‌ನ ವಿಕರ್ಸ್ ಕೆ ಗನ್, ವಿಮಾನದಿಂದ ಇಳಿದು ಉತ್ತರ ಆಫ್ರಿಕಾದ ಮರುಭೂಮಿಯ ಜೀಪುಗಳನ್ನೇರಿತು.