ಕ್ಲಿಪ್ ಹಾಕಿದ ಹಲ್ಲಿನ ಒಸಡು ಊದಿ ಬೆಳೆಯುತ್ತಿರುವ ಬಗ್ಗೆ

ಕ್ಲಿಪ್ ಹಾಕಿಸಿದ ಎಂಟು ತಿಂಗಳಿಗೆ ನಿಮ್ಮ ಮಗಳ ಒಸಡು ಊದಿ ಬ್ರಾಕೆಟ್‌ನ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ತುಂಡಿನ) ಅಂಚನ್ನು ಮುಚ್ಚುತ್ತಿದೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಕಾರಣ ಅಲ್ಲಿ ಉಳಿಯುವ ದಂತಪಾಚಿ, ಅಂದರೆ ಹಲ್ಲಿಗೆ ಅಂಟುವ ಕೊಳೆಯ ಪದರವೇ ಹೊರತು ತಂತಿಯ ಬಿಗಿತವಲ್ಲ. ಹದಿಹರೆಯದ ಹಾರ್ಮೋನುಗಳು ಈ ಊತವನ್ನು ಹೆಚ್ಚಿಸುತ್ತವೆ. ನನ್ನ ಮಗನಿಗೆ ಹೀಗಾದಾಗ, ದಿನಕ್ಕೆರಡು ಸಲ ಉಜ್ಜಿದರೂ ಕೋರೆಹಲ್ಲಿನ ಬ್ರಾಕೆಟ್‌ಗೂ ಒಸಡಿಗೂ ನಡುವಿನ ಅಕ್ಕಿಕಾಳಿನಷ್ಟು ಜಾಗದಲ್ಲಿ ಹಳದಿ ಪದರವೊಂದು ಹಾಗೆಯೇ ಕೂತಿರುತ್ತಿತ್ತು.

ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಿರುವುದಾಗಿ ಬರೆದಿದ್ದೀರಿ. ದಯವಿಟ್ಟು ಇಂದೇ ಮತ್ತೆ ಆರಂಭಿಸಿ, ಏಕೆಂದರೆ ಬಿಟ್ಟಷ್ಟೂ ಊತ ಹೆಚ್ಚುತ್ತದೆ. ಮೊದಲು ಮೃದುವಾದ ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ಒಸಡಿನ ಅಂಚಿಗೆ ಹಿಡಿದು ಉಜ್ಜಬೇಕು. ಅನಂತರ ಔಷಧದ ಅಂಗಡಿಯಲ್ಲಿ ಸಿಗುವ ಇಂಟರ್‌ಡೆಂಟಲ್ ಬ್ರಷ್ಷನ್ನು (ಹಲ್ಲುಸಂದಿಗೆ ಹೋಗುವ ಪುಟ್ಟ ಬ್ರಷ್) ತಂತಿಯ ಅಡಿಗೆ ತೂರಿಸಿ, ಪ್ರತಿ ಬ್ರಾಕೆಟ್‌ನ ಎರಡೂ ಬದಿಯನ್ನು ಕನ್ನಡಿ ನೋಡಿಕೊಂಡು ಸ್ವಚ್ಛಗೊಳಿಸಬೇಕು. ರಾತ್ರಿಯ ಸರದಿಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ತೊಡದೇವಿನಂಥ ಸಿಹಿತಿಂಡಿ ತಿಂದ ಕೂಡಲೇ ನೀರಿನಿಂದ ಚೆನ್ನಾಗಿ ಮುಕ್ಕಳಿಸಲಿ.

ಗಟ್ಟಿಯಾದ ಪಾಚಿ ಬ್ರಷ್ಷಿಗೆ ಹೋಗುವುದಿಲ್ಲ. ಕ್ಲಿಪ್ ನೋಡುವ ಹುಬ್ಬಳ್ಳಿಯ ವೈದ್ಯರ ಮುಂದಿನ ಭೇಟಿಯವರೆಗೆ ಕಾಯದೆ ನಿಮ್ಮ ಶಿರಸಿಯಲ್ಲೇ ದಂತವೈದ್ಯರಿಂದ ಕ್ಲೀನಿಂಗ್ ಮಾಡಿಸಿ. ಅದಕ್ಕೆ ಕ್ಲಿಪ್ ತೆಗೆಯಬೇಕಾಗಿಲ್ಲ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರವವನ್ನು ಅವರು ಹೇಳಿದಷ್ಟೇ ದಿನ ಬಳಸಿ, ಹೆಚ್ಚಾದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಮಗಳು ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದರೆ ದಂತವೈದ್ಯರಿಗೆ ತಪ್ಪದೆ ತಿಳಿಸಿ. ಅದರಿಂದಲೂ ಒಸಡು ಬೆಳೆಯುತ್ತದೆ, ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇದು ಬರಿಯ ಊತವೋ, ಒಸಡೇ ದಪ್ಪವಾಗಿ ಬೆಳೆದಿದೆಯೋ ಎಂಬುದನ್ನು ಬಾಯಿ ನೋಡದೆ ಹೇಳಲಾಗದು. ಊತವಾದರೆ ಕೆಲವು ವಾರಗಳಲ್ಲಿ ಇಳಿಯಬೇಕು. ಇಳಿಯದಿದ್ದರೆ ಹೆಚ್ಚುವರಿ ಒಸಡನ್ನು ಕತ್ತರಿಸಿ ತೆಗೆಯುವ ಸಣ್ಣ ಚಿಕಿತ್ಸೆಯ ಬಗ್ಗೆ ಕೇಳಿ. ಕೀವು, ಜ್ವರ ಕಂಡರೆ ಅದೇ ದಿನ ತೋರಿಸಿ.